ಹೊಡದದ್ದೂ ನಾನ, ಬಿದ್ದದ್ದೂ ನಾನ

ಸೂಟಿಯಲ್ಲಿ ತಾಂಬಾಕ್ಕೆ ಹೋಗಿದ್ದೆ. ಇಂಡಿ ತಾಲ್ಲೂಕಿನ ಆ ಊರಲ್ಲಿ ನನ್ನ ಅಕ್ಕನ ಮನೆ. ರೊಟ್ಟಿ ಊಟ ಮುಗಿದು ಹಿರಿಯರು ಅಡ್ಡಾದ ಹೊತ್ತು. ಪಡಸಾಲೆಯ ಹೊರಸಿನ ಮೇಲೆ ಅಳಿಯ, ಅವನ ಗೆಳೆಯ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಇಬ್ಬರ ಕೈಯಲ್ಲೂ ಮೊಬೈಲು. ಹೆಬ್ಬೆರಳುಗಳು ಗಾಜಿನ ಮೇಲೆ ಕುಣಿಯುತ್ತಿದ್ದವು, ಹೊರಸು ಕಿರ್ರೆನ್ನುತ್ತಿತ್ತು. ಇದ್ದಕ್ಕಿದ್ದಂತೆ ಅಳಿಯ ಮೊಬೈಲನ್ನು ಕೌದಿಯ ಮೇಲೆ ಒಗೆದ.

‘ಹೊಡದದ್ದೂ ನಾನ, ಬಿದ್ದದ್ದೂ ನಾನ. ಇದೆಂಥಾ ಆಟ ಮಾಮಾ?’

ಗೆಳೆಯ ತಿರುಗಿಯೂ ನೋಡಲಿಲ್ಲ. ‘ಸೋತ ಮ್ಯಾಲ ಹಂಗ ಅನ್ನೂದ ನೀ’ ಎಂದ. ಅದಕ್ಕೆ ಅಳಿಯನ ಮರುಮಾತು: ‘ಅಂವ ಬರೇ ಅದೊಂದ ಹೊಡಿತಾನ ಮಾಮಾ. ಬ್ಯಾರೆ ಏನೂ ಬರಂಗಿಲ್ಲ ಅವಗ.’

ಅವರು ಆಡುತ್ತಿದ್ದ ಆಟ ಬ್ರಾಲ್‌ಹಲ್ಲಾ. ಬಿಜಿಎಂಐ, ಫ್ರೀ ಫೈರ್ ಹೆಸರು ಕೇಳದ ಹಳ್ಳಿ ನಮ್ಮ ಕಡೆ ಇಲ್ಲ. ಬ್ರಾಲ್‌ಹಲ್ಲಾದ ಹೆಸರು ಕೇಳಿದವರು ವಿರಳ. ಆದರೆ ಆ ಮಧ್ಯಾಹ್ನ ಹೊರಸಿನ ಮೇಲೆ ಕೇಳಿದ ಆ ಮೂರು ಮಾತು ನನ್ನನ್ನು ಬಿಡಲಿಲ್ಲ. ಹುಡುಗರ ಜಗಳವೆಂದು ಮೊದಲು ನಾನೂ ಸುಮ್ಮನಿದ್ದೆ. ಆಮೇಲೆ ಒಂದೊಂದನ್ನೇ ಬಿಡಿಸಿ ನೋಡಿದಾಗ ಗೊತ್ತಾಯಿತು, ಅವು ಆ ಆಟದ ವಿಮರ್ಶೆ. ಅಮೆರಿಕದಲ್ಲಿ, ಜಪಾನಿನಲ್ಲಿ ಇದೇ ಬಗೆಯ ಆಟ ಆಡುವವರು ವರ್ಷಗಟ್ಟಲೆ ವಾದಿಸಿದ ಸಂಗತಿಗಳೇ ತಾಂಬಾದ ಪಡಸಾಲೆಯಲ್ಲಿ ನಮ್ಮ ಮಾತಿನಲ್ಲಿ ಬಂದಿದ್ದವು.

ಮೊದಲು ಆಟ ಏನೆಂದು ಹೇಳಬೇಕು. ಕುಸ್ತಿ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದರೆ ಗೆದ್ದಂತೆ. ಹಳೆಯ ಗುದ್ದಾಟದ ವಿಡಿಯೊ ಗೇಮುಗಳಲ್ಲಿ, ಸ್ಟ್ರೀಟ್ ಫೈಟರ್‌ನಂಥವುಗಳಲ್ಲಿ, ತಲೆಯ ಮೇಲೊಂದು ಜೀವದ ಪಟ್ಟಿ ಇರುತ್ತದೆ. ಹೊಡೆತ ಬಿದ್ದ ಹಾಗೆ ಅದು ಸವೆದು ಖಾಲಿಯಾದರೆ ಸೋಲು. ಪ್ಲಾಟ್‌ಫಾರ್ಮ್ ಫೈಟಿಂಗ್ ಎಂಬ ಈ ಜಾತಿಯ ಆಟದಲ್ಲಿ ಎರಡೂ ಇಲ್ಲ. ಗಾಳಿಯಲ್ಲಿ ತೇಲುವ ಒಂದು ಕಟ್ಟೆ, ಅದರ ಸುತ್ತ ಬಯಲು. ಎದುರಿನವನನ್ನು ಆ ಕಟ್ಟೆಯಿಂದ ದೂರಕ್ಕೆ, ಪರದೆಯ ಅಂಚಿನಾಚೆಗೆ ಹಾರಿಸಬೇಕು. ಹೊಡೆತ ತಿಂದಷ್ಟೂ ಮೈ ಹಗುರಾಗುತ್ತದೆ ಎಂದುಕೊಳ್ಳಿ. ಆಟದ ಆರಂಭದಲ್ಲಿ ಎರಡು ಹೆಜ್ಜೆ ಹಿಂದೆ ತಳ್ಳಿದ ಅದೇ ಪೆಟ್ಟು, ಹತ್ತಿಪ್ಪತ್ತು ಪೆಟ್ಟು ಬಿದ್ದ ಮೇಲೆ ಮನುಷ್ಯನನ್ನು ಮುಗಿಲಿಗೆ ಒಗೆಯುತ್ತದೆ. ಬ್ರಾಲ್‌ಹಲ್ಲಾದಲ್ಲಿ ಇದನ್ನು ಬಣ್ಣ ಹೇಳುತ್ತದೆ: ಬಿಳಿ, ಹಳದಿ, ಕಿತ್ತಳೆ, ಕೆಂಪು, ಕೊನೆಗೆ ಕರಿಗೆಂಪು. ಕೆಂಪಾದವನು ಅಂಚಿನ ಹತ್ತಿರ ನಿಲ್ಲಬಾರದು.

ಆದರೆ ಹಾರಿ ಹೋದವನು ಸತ್ತೇ ಹೋದ ಎಂದಲ್ಲ. ಗಾಳಿಯಲ್ಲಿ ಮತ್ತೆ ಜಿಗಿದು, ಗೋಡೆ ಹಿಡಿದು, ಸರಿದು, ತಪ್ಪಿಸಿಕೊಂಡು ಕಟ್ಟೆಗೆ ಮರಳಬಹುದು. ಹಾಗೆ ಮರಳುವವನನ್ನು ತಡೆಯಲು ಇನ್ನೊಬ್ಬ ತಾನೂ ಬಯಲಿಗೆ ಧುಮುಕುತ್ತಾನೆ. ಅವನೂ ಬೀಳಬಹುದು. ಈ ಆಟದ ರುಚಿ ಇರುವುದು ಇಲ್ಲಿ, ಕಟ್ಟೆಯಾಚೆಯ ಆ ಎರಡು ಮೂರು ಕ್ಷಣಗಳಲ್ಲಿ. ನಾನು ನೋಡುತ್ತ ಕೂತಿದ್ದಾಗ ಅಳಿಯನ ಆಳು ಒಮ್ಮೆ ತೀರ ಕೆಳಗೆ ಬಿದ್ದಿದ್ದ, ಮುಗಿಯಿತೆಂದುಕೊಂಡೆ. ಅವನು ಕೈಯಲ್ಲಿದ್ದ ಆಯುಧವನ್ನೇ ಮೇಲಕ್ಕೆಸೆದು, ಅದನ್ನು ತಪ್ಪಿಸಿಕೊಳ್ಳಲು ಗೆಳೆಯ ಸರಿದ ಸಂದಿಯಲ್ಲಿ ಕಟ್ಟೆ ಹತ್ತಿಬಿಟ್ಟ. ಉಸಿರು ಬಿಗಿಹಿಡಿದಿದ್ದೆ ಎಂಬುದು ಆಮೇಲೆ ಗೊತ್ತಾಯಿತು.

ಈ ಜಾತಿಯ ಆಟ ಹುಟ್ಟಿದ್ದೇ ಒಬ್ಬ ಆಟಗಾರನ ಮನಸ್ಸಿನ ಕಸಿವಿಸಿಯಿಂದ. ಜಪಾನಿನ ಮಸಾಹಿರೊ ಸಕುರಾಯಿ ಯುವಕನಾಗಿದ್ದಾಗ ಆಟದಂಗಡಿಯೊಂದರಲ್ಲಿ ‘ಕಿಂಗ್ ಆಫ್ ಫೈಟರ್ಸ್ 95’ ಆಡುತ್ತಿದ್ದರು. ಎದುರಿಗೆ ಕೂತವರನ್ನು ಒಂದರ ಮೇಲೊಂದು ಪಟ್ಟು ಹಾಕಿ ಏಳಗೊಡದೆ ಸೋಲಿಸಿದರು. ಆಮೇಲೆ ನೋಡಿದರೆ ಅಲ್ಲಿ ಕೂತಿದ್ದವರು ಆಟಕ್ಕೆ ಹೊಸಬರಾದ ಒಂದು ಜೋಡಿ, ಖುಷಿಗಾಗಿ ಬಂದವರು. ಗೆದ್ದರೂ ಸಕುರಾಯಿಯವರಿಗೆ ಸಮಾಧಾನವಾಗಲಿಲ್ಲ. ಕಂಠಪಾಠ ಮಾಡಿದ ಪಟ್ಟುಗಳ ಸರಪಳಿ ಗೊತ್ತಿಲ್ಲದವನೂ ಆಡಬಹುದಾದ ಗುದ್ದಾಟ ಬೇಕು ಎಂಬ ಯೋಚನೆ ಅಲ್ಲಿಂದ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಹೊಡೆತ ಹೆಚ್ಚಿದಷ್ಟೂ ದೂರ ಹಾರುವ ಲೆಕ್ಕ ಇಟ್ಟರೆ ಪ್ರತಿ ಪೆಟ್ಟಿಗೂ ಪರಿಣಾಮ ಬೇರೆ ಬೇರೆ. ಆಗ ಕಂಠಪಾಠ ನಡೆಯುವುದಿಲ್ಲ, ಆಯಾ ಹೊತ್ತಿಗೆ ಬುದ್ಧಿ ಓಡಿಸಬೇಕು. ಮುಂದೆ ನಿಂಟೆಂಡೊ ಕಂಪನಿಯ ಅಧ್ಯಕ್ಷರಾದ ಸತೊರು ಇವಾಟ ಮೊದಲ ಮಾದರಿಯ ಪ್ರೋಗ್ರಾಮ್ ಬರೆದರು. 1999ರ ಜನವರಿ 21ರಂದು ಅದು ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಎಂಬ ಹೆಸರಿನಲ್ಲಿ ಜಪಾನಿನಲ್ಲಿ ಬಂತು. ಅದರ ಎರಡನೆಯ ಭಾಗ ‘ಮೆಲೀ’ ಬಂದದ್ದು 2001ರಲ್ಲಿ. ಅದನ್ನು ಇವತ್ತಿಗೂ ಆಡುತ್ತಾರೆ, ಪಂದ್ಯ ಕಟ್ಟುತ್ತಾರೆ. ಹಳೆಯ ಡಬ್ಬಿ ಟಿ.ವಿ.ಗಳನ್ನು ಹುಡುಕಿ ತಂದು ಅದರ ಮೇಲೆಯೇ ಆಡುವವರಿದ್ದಾರೆ, ಏಕೆಂದರೆ ಗುಂಡಿ ಒತ್ತಿದ್ದಕ್ಕೂ ಚಿತ್ರ ಕದಲಿದ್ದಕ್ಕೂ ನಡುವೆ ಅಲ್ಲಿ ಕಾಯುವುದು ತೀರ ಕಡಿಮೆ. ಈ ಕಾಯುವ ಮಾತನ್ನು ನೆನಪಿಡಿ, ಅಳಿಯನ ದೂರಿಗೆ ಅದೇ ಕೀಲಿ.

ಸ್ಮ್ಯಾಶ್ ಆಡಲು ನಿಂಟೆಂಡೊ ಯಂತ್ರವೇ ಬೇಕು. ಅದು ನಮ್ಮ ಊರುಗಳ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಸಿಕ್ಕರೂ ಒಬ್ಬ ರೈತನ ಮನೆಯಲ್ಲಿ ಕೊಳ್ಳುವ ವಸ್ತುವಲ್ಲ. ಬ್ರಾಲ್‌ಹಲ್ಲಾ ಆ ಬಾಗಿಲು ತೆರೆಯಿತು. ಅಮೆರಿಕದ ಅಟ್ಲಾಂಟದಲ್ಲಿರುವ ಬ್ಲೂ ಮ್ಯಾಮತ್ ಗೇಮ್ಸ್ ಎಂಬ ಸಣ್ಣ ಕಂಪನಿ ಇದನ್ನು 2017ರ ಅಕ್ಟೋಬರಿನಲ್ಲಿ ಪೂರ್ಣರೂಪದಲ್ಲಿ ಹೊರತಂದಿತು. ಮರುವರ್ಷ ಫ್ರಾನ್ಸಿನ ಯೂಬಿಸಾಫ್ಟ್ ಆ ಕಂಪನಿಯನ್ನೇ ಕೊಂಡಿತು. 2020ರ ಆಗಸ್ಟ್ 6ರಂದು ಆಟ ಮೊಬೈಲಿಗೆ ಬಂತು. ಒಂದು ತಿಂಗಳೂ ತುಂಬುವ ಮೊದಲು, ಸೆಪ್ಟೆಂಬರ್ 2ರಂದು, ನಮ್ಮ ಸರ್ಕಾರ ಪಬ್ಜಿಯನ್ನು ನಿಷೇಧಿಸಿತು. ಶಾಲೆ ಮುಚ್ಚಿ ಮನೆಯಲ್ಲಿ ಕೂತ ಹುಡುಗರು ಬೇರೆ ಆಟ ಹುಡುಕುತ್ತಿದ್ದ ಕಾಲ ಅದು. ಪುಕ್ಕಟೆ ಸಿಗುತ್ತದೆ, ಫೋನಿನಲ್ಲಿ ಆಡುವವನೂ ಕಂಪ್ಯೂಟರಿನಲ್ಲಿ ಆಡುವವನೂ ಒಂದೇ ಕಣದಲ್ಲಿ ಸೇರಬಹುದು. ದುಡ್ಡು ಕೊಟ್ಟು ಕೊಳ್ಳುವುದು ಹೆಚ್ಚಾಗಿ ವೇಷಭೂಷಣ. 60ಕ್ಕೂ ಹೆಚ್ಚು ವೀರರಿದ್ದಾರೆ; ಬೇಕಾದವರನ್ನು ಆಡಿ ಗಳಿಸಿದ ಚಿನ್ನದಿಂದಲೇ ಬಿಡಿಸಿಕೊಳ್ಳಬಹುದು. ಚಂದದ ಅಂಗಿ ಕೊಂಡವನ ಏಟಿಗೆ ಹೆಚ್ಚಿನ ಬಲ ಬರುವುದಿಲ್ಲ. ಬಡ ಹುಡುಗನೊಬ್ಬ ಈ ಆಟದ ಬಗ್ಗೆ ಹೇಳುವ ಒಳ್ಳೆಯ ಮಾತಿನಲ್ಲಿ ಮೊದಲನೆಯದು ಇದೇ ಆಗಿರುತ್ತದೆ, ಅಳಿಯನೂ ಅದನ್ನೇ ಹೇಳಿದ: ‘ರೊಕ್ಕ ಇದ್ದಂವ ಗೆಲ್ತಾನ ಅಂತಿಲ್ಲ ಮಾಮಾ ಇದರಾಗ.’

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳ್ಳಿಯ ಹಿರಿಯರಿಗೆ ‘ಆನ್‌ಲೈನ್ ಗೇಮ್’ ಅಂದರೆ ರಮ್ಮಿ, ಸಾಲ, ಹೊಲ ಮಾರಿದ ಸುದ್ದಿ. ಆ ಭಯ ಸುಳ್ಳಲ್ಲ, ಮನೆಗಳು ಮುರಿದಿವೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿದ್ದು ಈ ಗೆರೆ ಎಳೆಯುವುದಕ್ಕೇ. ಬ್ರಾಲ್‌ಹಲ್ಲಾದಲ್ಲಿ ಪಣವಿಲ್ಲ. ಹೊತ್ತು ಹೋಗುತ್ತದೆ, ಕಣ್ಣು ನೋಯುತ್ತವೆ, ಅಭ್ಯಾಸ ಹಿಂದೆ ಬೀಳುತ್ತದೆ. ಇವಕ್ಕೆ ತಂದೆ ತಾಯಿ ಗದರಬೇಕಾದ್ದೇ. ಆದರೆ ಜೂಜಾಡುವವನಿಗೂ ಆಟವಾಡುವವನಿಗೂ ಒಂದೇ ಹೆಸರಿಟ್ಟು ಬೈದರೆ ಹುಡುಗ ನಮ್ಮ ಹತ್ತಿರ ಏನನ್ನೂ ಹೇಳದೆ ಹೋಗುತ್ತಾನೆ. ನನ್ನ ಅಳಿಯ ಹೇಳಿದ, ಅದಕ್ಕೇ ಈ ಬರಹ.

ಈಗ ಆ ಮೂರು ಮಾತಿಗೆ ಬರೋಣ. ‘ಬರೇ ಅದೊಂದ ಹೊಡಿತಾನ’ ಎಂಬುದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಬ್ರಾಲ್‌ಹಲ್ಲಾ ಆಡುವವರ ಬಾಯಲ್ಲಿ ಅತಿ ಹೆಚ್ಚು ಬರುವ ದೂರು ಅದೇ. ಪ್ರತಿಯೊಬ್ಬ ವೀರನಿಗೂ ಎರಡು ಬಗೆಯ ಆಯುಧ. ಒಂದೊಂದು ಆಯುಧ ಹಿಡಿದಾಗಲೂ ಅವನದೇ ಆದ ಮೂರು ದೊಡ್ಡ ಪೆಟ್ಟು ಇರುತ್ತವೆ. ಅವಕ್ಕೆ ಸಿಗ್ನೇಚರ್ ಎಂಬ ಹೆಸರು, ಹುಡುಗರ ಬಾಯಲ್ಲಿ ‘ಸಿಗ್’. ಒಂದೇ ಗುಂಡಿ ಒತ್ತಿದರೆ ಸಾಕು, ಅರ್ಧ ಕಟ್ಟೆ ಆವರಿಸುವ ಹೊಡೆತ. ಹೊಸಬ ಅದನ್ನೇ ಒತ್ತುತ್ತ ಹೋಗುತ್ತಾನೆ, ಎದುರಿನ ಹೊಸಬ ಅದಕ್ಕೇ ಬೀಳುತ್ತ ಹೋಗುತ್ತಾನೆ. ಬಿದ್ದವನಿಗೆ ಅದು ಮೋಸದ ಹಾಗೆ ಕಾಣುತ್ತದೆ. ಹಳಬರು ನಗುತ್ತಾರೆ: ಸಿಗ್ ಹೊಡೆದವನು ಹೊಡೆದಾದ ಮೇಲೆ ಒಂದು ಕ್ಷಣ ಕೈಕಾಲು ಕಟ್ಟಿದಂತೆ ನಿಲ್ಲುತ್ತಾನೆ, ತಪ್ಪಿಸಿಕೊಂಡು ಆಗ ಹೊಡಿ.

ಇಬ್ಬರ ಮಾತೂ ನಿಜ. ನಮ್ಮ ಗರಡಿಮನೆಯಲ್ಲಿ ಇದು ಹಳೆಯ ಪಾಠ. ಹೊಸ ಹುಡುಗ ಘಿಸ್ಸಾ ಒಂದನ್ನು ಕಲಿತು ಸಿಕ್ಕವರ ಮೇಲೆಲ್ಲ ಅದನ್ನೇ ಹಾಕುತ್ತಾನೆ. ಅವನ ಜೋಡಿಯವನು ವಸ್ತಾದನ ಹತ್ತಿರ ಹೋಗಿ ದೂರುತ್ತಾನೆ. ವಸ್ತಾದ ಘಿಸ್ಸಾವನ್ನು ನಿಷೇಧಿಸುವುದಿಲ್ಲ, ಮರುಪಟ್ಟು ತೋರಿಸುತ್ತಾನೆ. ಬ್ರಾಲ್‌ಹಲ್ಲಾದಲ್ಲಿ ಕೊರತೆ ಇರುವುದು ಆ ವಸ್ತಾದನದು. ಆಟದೊಳಗೆ ಅಭ್ಯಾಸದ ಕೋಣೆ ಇದೆ, ಆದರೆ ‘ನೀನು ಸೋತದ್ದು ಇದಕ್ಕೆ’ ಎಂದು ಹೆಗಲ ಮೇಲೆ ಕೈಯಿಟ್ಟು ಹೇಳುವವರಿಲ್ಲ. ಕಲಿಸುವ ವಿಡಿಯೊಗಳು ಇಂಗ್ಲಿಷಿನಲ್ಲಿವೆ, ಹಿಂದಿಯಲ್ಲೂ ಸಿಗುತ್ತವೆ. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ‘ಪಟ್ಟು’, ‘ಮರುಪಟ್ಟು’, ‘ಕೈ ತಪ್ಪಿಸು’, ‘ಅಂಚಿಗೆ ಒಯ್ಯಬೇಡ’ ಎಂದು ಹೇಳಲು ನಮ್ಮಲ್ಲಿ ಮಾತು ತುಂಬಿ ತುಳುಕುತ್ತಿವೆ, ಹೇಳುವವರು ಇನ್ನೂ ಸಿಕ್ಕಿಲ್ಲ.

ಒತ್ತುವ ಗುಂಡಿಯದೂ ಒಂದು ಕತೆ ಇದೆ. ಫೋನಿನ ಗಾಜಿನ ಮೇಲೆ ಗುಂಡಿ ಎಂಬುದು ಬರೀ ಚಿತ್ರ, ಬೆರಳಿಗೆ ಅದರ ಅಂಚು ತಾಗುವುದಿಲ್ಲ. ಬೆವರಿದ ಹೆಬ್ಬೆರಳು ಅರ್ಧ ಜೋಳದ ಕಾಳಿನಷ್ಟು ಆಚೆ ಸರಿದರೆ ಜಿಗಿತದ ಬದಲು ಪೆಟ್ಟು. ಸೂಕ್ಷ್ಮವಾದ ಸಣ್ಣ ಪೆಟ್ಟುಗಳನ್ನು ಜೋಡಿಸಿ ಆಡುವುದು ಅಲ್ಲಿ ಕಷ್ಟ, ದೊಡ್ಡ ಸಿಗ್ ಸುಲಭ. ಅಂದರೆ ಗೆಳೆಯ ‘ಬರೇ ಅದೊಂದ’ ಹೊಡೆಯುವುದಕ್ಕೆ ಅವನ ಸ್ವಭಾವವೊಂದೇ ಕಾರಣವಲ್ಲ, ಗಾಜೂ ಕಾರಣ. ಕಂಪ್ಯೂಟರಿನ ಮುಂದೆ ಕೂತವನು ಇದೇ ಆಟವನ್ನು ‘ಬಿಗಿಯಾದ ಆಟ’ ಎಂದು ಹೊಗಳುತ್ತಾನೆ, ಫೋನಿನವನು ‘ಮಾತು ಕೇಳದ ಆಟ’ ಎಂದು ಬೈಯುತ್ತಾನೆ. ಇಬ್ಬರೂ ತಾವು ಆಡಿದ ಆಟದ ಬಗ್ಗೆಯೇ ಹೇಳುತ್ತಿದ್ದಾರೆ. ಇಬ್ಬರೂ ಆಡಿದ್ದು ಒಂದೇ ಆಟವಲ್ಲ.

ಇನ್ನು ಅಳಿಯನ ದೊಡ್ಡ ದೂರು. ಹೊಡದದ್ದೂ ನಾನ, ಬಿದ್ದದ್ದೂ ನಾನ.

ಆ ದಿನ ಅವರಿಬ್ಬರ ಆಟ ಆಗ್ನೇಯ ಏಷ್ಯಾದ ಸರ್ವರಿಗೆ ಜೋಡಣೆಯಾಗಿತ್ತು. ಒಂದೇ ಹೊರಸಿನ ಮೇಲೆ ಬೆನ್ನು ತಾಗಿಸಿ ಕೂತ ಇಬ್ಬರ ಗುದ್ದಾಟ ತಾಂಬಾದ ಟವರ್ ಹತ್ತಿ, ಕಡಲಿನಡಿಯ ಕೇಬಲ್ಲಿನಲ್ಲಿ ಹರಿದು, ಪರದೇಶ ಮುಟ್ಟಿ ತಿರುಗಿ ಅದೇ ಹೊರಸಿಗೆ ಬರುತ್ತಿತ್ತು. ವಿಜಯಪುರ ಸೀಮೆಯಿಂದ ಆ ಕಡೆಯ ಸಿಂಗಪುರಕ್ಕೆ ನೆಟ್ಟಗೆ ಹಾರಿದರೆ ಸುಮಾರು 3,500 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಕಡಿಮೆಯೆಂದರೂ 35 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರ ಭಾಗದಲ್ಲಿ 35. ಇದು ಯಾವ ಕಂಪನಿಯೂ ಕಡಿಮೆ ಮಾಡಲಾಗದ ಲೆಕ್ಕ, ಬೆಳಕಿನ ಲೆಕ್ಕ. ಕೇಬಲ್ಲು ನೆಟ್ಟಗಿರುವುದಿಲ್ಲ, ಟವರಿನ ಮುಂದೆ ಸಂಜೆಯ ಹೊತ್ತು ಊರೆಲ್ಲ ಸಾಲು ನಿಂತಿರುತ್ತದೆ. ಹಾಗಾಗಿ ನಿಜದಲ್ಲಿ ಇದರ ಎರಡು ಮೂರು ಪಟ್ಟು, ಕೆಲವು ಸಲ ಇನ್ನೂ ಹೆಚ್ಚು. ಹುಡುಗರು ಇದಕ್ಕೆ ‘ಪಿಂಗ್’ ಅನ್ನುತ್ತಾರೆ.

ಇಂಥ ಆಟದಲ್ಲಿ ಒಂದು ಸೆಕೆಂಡನ್ನು 60 ಹೋಳು ಮಾಡಿರುತ್ತಾರೆ. ಒಂದು ಹೋಳಿಗೆ, ಅಂದರೆ ಒಂದು ಫ್ರೇಮಿಗೆ, 17 ಮಿಲಿಸೆಕೆಂಡಿಗಿಂತ ತುಸು ಕಡಿಮೆ. ಚುರುಕಾದ ಪೆಟ್ಟೊಂದು ಕೆಲವೇ ಫ್ರೇಮಿನಲ್ಲಿ ಮುಗಿಯುತ್ತದೆ. 100 ಮಿಲಿಸೆಕೆಂಡು ತಡವಾದರೆ ಆರು ಫ್ರೇಮು ಹೋದಂತೆ. ಗೆಲುವು ಸೋಲಿನ ತೀರ್ಮಾನ ಅಷ್ಟರೊಳಗೇ ಆಗಿರುತ್ತದೆ.

ಈ ತಡವನ್ನು ಮುಚ್ಚಲು ಎರಡು ದಾರಿ ಇವೆ. ಒಂದು, ಎಲ್ಲರನ್ನೂ ಕಾಯಿಸುವುದು: ನೀನು ಒತ್ತಿದ್ದು ಅವನಿಗೆ ಮುಟ್ಟುವ ತನಕ ನಿನ್ನ ಪರದೆಯಲ್ಲೂ ತೋರಿಸದಿರುವುದು. ಆಗ ಆಟ ನೀರಿನಲ್ಲಿ ನಡೆದಂತಾಗುತ್ತದೆ. ಇನ್ನೊಂದಕ್ಕೆ ರೋಲ್‌ಬ್ಯಾಕ್ ಎನ್ನುತ್ತಾರೆ. ಅಡತಿ ಅಂಗಡಿಯ ಗುಮಾಸ್ತನನ್ನು ನೆನೆಯಿರಿ. ಇಂಡಿಯ ಲಿಂಬಿಕಾಯಿ ಚೀಲಗಳು ಬರುತ್ತಿವೆ, ತೂಕದ ಚೀಟಿ ಇನ್ನೂ ಕೈಗೆ ಬಂದಿಲ್ಲ. ಹಿಂದಿನ ಚೀಲ ಎಷ್ಟಿತ್ತೋ ಇದೂ ಅಷ್ಟೇ ಇರಬೇಕೆಂದು ಅಂದಾಜಿನಲ್ಲಿ ಬರೆದು ಕೆಲಸ ಮುಂದುವರಿಸುತ್ತಾನೆ. ಚೀಟಿ ಬಂದಾಗ ಅಂದಾಜು ಸರಿಯಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ತಪ್ಪಿದ್ದರೆ ಹಿಂದಿನ ಸಾಲಿಗೆ ಹೋಗಿ ತಿದ್ದಿ, ಅಲ್ಲಿಂದ ಕೆಳಗಿನ ಲೆಕ್ಕವನ್ನೆಲ್ಲ ಮತ್ತೆ ಮಾಡುತ್ತಾನೆ. ಫೋನೂ ಹೀಗೇ ಮಾಡುತ್ತದೆ. ಎದುರಿನವನು ಈಗೇನು ಮಾಡುತ್ತಿದ್ದಾನೆಂಬುದು ಇನ್ನೂ ಬಂದಿಲ್ಲ. ಹಿಂದಿನ ಫ್ರೇಮಿನಲ್ಲಿ ಮಾಡಿದ್ದನ್ನೇ ಮಾಡುತ್ತಿರಬೇಕೆಂದು ಅಂದಾಜು ಕಟ್ಟಿ ಚಿತ್ರ ತೋರಿಸುತ್ತದೆ. ಅಳಿಯನ ಪರದೆಯಲ್ಲಿ ಅವನ ಕತ್ತಿ ಗೆಳೆಯನಿಗೆ ತಾಗಿತು. ಅಷ್ಟರಲ್ಲಿ ನಿಜವಾದ ಸುದ್ದಿ ಬಂತು: ಗೆಳೆಯ ಆಗಲೇ ಸರಿದು ತಿರುಗಿ ಹೊಡೆದಿದ್ದ. ಫೋನು ಲೆಕ್ಕ ತಿದ್ದಿತು. ಕಣ್ಣು ಮಿಟುಕಿಸುವುದರೊಳಗೆ ಅಳಿಯನ ಆಳು ಗಾಳಿಯಲ್ಲಿದ್ದ.

‘ಹೊಡದದ್ದೂ ನಾನ, ಬಿದ್ದದ್ದೂ ನಾನ’ ಎಂಬುದು ಗೆಳೆಯ ಅಂದಂತೆ ಸೋತವನ ನೆಪವಲ್ಲ. ತನ್ನ ಪರದೆಯಲ್ಲಿ ಕಂಡದ್ದನ್ನು ಅವನು ಅಕ್ಷರಶಃ ಹೇಳಿದ್ದ. ರೋಲ್‌ಬ್ಯಾಕ್ ಎಂದರೇನೆಂದು ಇಷ್ಟು ಅಡಕವಾಗಿ ಹೇಳಿದ ಇನ್ನೊಂದು ವಾಕ್ಯ ನಾನು ಕೇಳಿಲ್ಲ.

ಈ ರೋಲ್‌ಬ್ಯಾಕನ್ನು ಗುದ್ದಾಟದ ಆಟಗಳಲ್ಲಿ ನೆಲೆಗೊಳಿಸಿದ್ದೂ ಒಬ್ಬ ಆಟಗಾರನ ಅತೃಪ್ತಿಯೇ. ಅಮೆರಿಕದ ಟೋನಿ ಕ್ಯಾನನ್, ಗುದ್ದಾಟದ ಆಟಗಳ ಹೆಸರಾಂತ ಪಂದ್ಯಾವಳಿ ‘ಇವೊ’ ಕಟ್ಟಿದವರಲ್ಲಿ ಒಬ್ಬರು. 2006ರಲ್ಲಿ ಹಳೆಯ ಸ್ಟ್ರೀಟ್ ಫೈಟರ್ ಒಂದು ಇಂಟರ್‌ನೆಟ್ಟಿನಲ್ಲಿ ಆಡುವಂತೆ ಮರಳಿ ಬಂತು, ತಡ ವಿಪರೀತವಾಗಿತ್ತು. ದೂರಿ ಸುಮ್ಮನಾಗದೆ ಅವರು ಜಿಜಿಪಿಒ ಎಂಬ ಸಾಫ್ಟ್‌ವೇರನ್ನೇ ಬರೆದರು. 2019ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಸಕುರಾಯಿ ಗೆದ್ದು ಕಸಿವಿಸಿಗೊಂಡರು, ಕ್ಯಾನನ್ ತಡವಾದ ಪೆಟ್ಟಿಗೆ ಸಿಟ್ಟಾದರು. ಈ ಬಗೆಯ ಆಟಗಳ ಚರಿತ್ರೆಯಲ್ಲಿ ಮಹತ್ವದ ಈ ಎರಡು ತಿರುವುಗಳೂ ಆಡುವವರ ಅಸಮಾಧಾನದಿಂದ ಬಂದಿವೆ. ಹಾಗಿರುವಾಗ ಹೊರಸಿನ ಮೇಲೆ ಮೊಬೈಲು ಒಗೆದ ಹುಡುಗನ ಅಸಮಾಧಾನಕ್ಕೆ ಬೆಲೆಯಿಲ್ಲ ಎಂದು ನಾನು ಹೇಗೆ ಹೇಳಲಿ?

ಬ್ರಾಲ್‌ಹಲ್ಲಾಕ್ಕಿಂತಲೂ ಕಡಿಮೆ ಜನಕ್ಕೆ ಗೊತ್ತಿರುವ ಇನ್ನೊಂದು ಆಟದ ಉದಾಹರಣೆ ಕೊಡುತ್ತೇನೆ. ಡ್ಯಾನ್ ಫೋರ್ನೇಸ್ ಎಂಬ ಅಮೆರಿಕನ್, ಸ್ಮ್ಯಾಶ್ ಮೇಲಿನ ಪ್ರೀತಿಯಿಂದ 2011ರಲ್ಲಿ ಅದರ ಪುಟ್ಟ ಪ್ರತಿರೂಪವೊಂದನ್ನು ತಾನೇ ಮಾಡಿ ಪುಕ್ಕಟೆ ಹಂಚಿದರು. ಮುಂದೆ ಅವರದೇ ಆಟ ‘ರೈವಲ್ಸ್ ಆಫ್ ಈಥರ್’ 2017ರ ಮಾರ್ಚಿನಲ್ಲಿ ಪೂರ್ಣಗೊಂಡು ಬಂತು. ಬೆಂಕಿ, ನೀರು, ಗಾಳಿ, ಮಣ್ಣು, ಹೀಗೆ ನಾಲ್ಕು ಭೂತಗಳ ಬಣ. ಬೆಂಕಿಯ ಸಿಂಹ ಎದುರಾಳಿಯ ಮೈಗೆ ಕಿಚ್ಚು ಹಚ್ಚುತ್ತದೆ, ನೀರಿನ ಪ್ರಾಣಿ ಕಟ್ಟೆಯ ಮೇಲೆ ಮಡು ಬಿಟ್ಟು ಅಲ್ಲಿಗೇ ಮರಳುತ್ತದೆ, ಮಣ್ಣಿನ ಜೀವಿ ನೆಲದಿಂದ ಬಂಡೆ ಕಿತ್ತು ಒಗೆಯುತ್ತದೆ. ಇದರಲ್ಲಿ ಗುರಾಣಿ ಇಲ್ಲ. ಎದುರಾಳಿಯನ್ನು ಹಿಡಿದು ಎಸೆಯುವುದಿಲ್ಲ. ಕಟ್ಟೆಯ ಅಂಚು ಹಿಡಿದು ಜೋತಾಡುವುದೂ ಇಲ್ಲ. ಗುರಾಣಿಯ ಬದಲು ಇರುವುದು ಸರಿಯಾದ ಕ್ಷಣದಲ್ಲಿ ಒತ್ತಬೇಕಾದ ಒಂದು ತಡೆ. ಮುನ್ನುಗ್ಗಿ ಆಡುವವನಿಗೆ ಹಬ್ಬ. ಮುಂದೆ ಆಡುವವರೇ ತಮ್ಮ ಪಾತ್ರಗಳನ್ನು ಬರೆದು ಆಟಕ್ಕೆ ಸೇರಿಸುವ ಅವಕಾಶವೂ ಬಂತು.

2024ರ ಅಕ್ಟೋಬರ್ 23ರಂದು ಅದರ ಎರಡನೆಯ ಭಾಗ ಬಂದಾಗ ಆಟಗಾರರ ನಡುವೆ ಒಂದು ಗೆರೆ ಬಿತ್ತು. ಗುರಾಣಿ ಬಂದಿತ್ತು, ಹಿಡಿತ ಬಂದಿತ್ತು, ಅಂಚಿಗೆ ಜೋತುಬೀಳುವುದೂ ಬಂದಿತ್ತು. ಸ್ಮ್ಯಾಶ್ ಆಡಿ ಬಂದವರಿಗೆ ತವರಿಗೆ ಬಂದಂತಾಯಿತು. ಮೊದಲ ಭಾಗವನ್ನು ನೆಚ್ಚಿಕೊಂಡಿದ್ದವರಲ್ಲಿ ಕೆಲವರಿಗೆ, ತಮ್ಮ ಆಟದ ಗುಣವೇ ಆ ಮೂರೂ ಇಲ್ಲದಿರುವುದರಲ್ಲಿತ್ತು. ಅದು ಹೋಯಿತಲ್ಲ ಎಂಬ ಸಂಕಟ. ನನಗೆ ಎರಡನೆಯವರ ಮಾತು ಹೆಚ್ಚು ಹಿಡಿಸುತ್ತದೆ. ಸಣ್ಣ ಆಟವೊಂದು ದೊಡ್ಡ ಆಟದಂತಾಗಲು ಹೊರಟಾಗ ಕಳೆದುಕೊಳ್ಳುವುದು ಏನೆಂದು ಅವರಿಗೆ ಮೈಯಲ್ಲೇ ಗೊತ್ತಿತ್ತು. ಮಣ್ಣಿನ ಕುಸ್ತಿಯನ್ನು ಮ್ಯಾಟಿಗೆ ತಂದಾಗ ನಮ್ಮ ಕಡೆಯ ಹಳೆಯ ಪೈಲ್ವಾನರು ಹೇಳಿದ್ದೂ ಇದೇ ಜಾತಿಯ ಮಾತು. ಮ್ಯಾಟಿನಿಂದ ಒಲಿಂಪಿಕ್ಸ್ ದಾರಿ ಸಿಕ್ಕಿತು, ನಿಜ. ಆದರೂ ಮಣ್ಣಿನಲ್ಲಿ ಕಾಲಿಗೆ ಸಿಗುವ ಹಿಡಿತ ಮ್ಯಾಟಿನಲ್ಲಿ ಸಿಗದೆಂದವರು ಸುಳ್ಳು ಹೇಳಿರಲಿಲ್ಲ.

ಹೆಸರಿಲ್ಲದ ಆಟಗಳಿಗೆ ಇನ್ನೊಂದು ಕಷ್ಟ ಇದೆ, ಅದು ಆಟಗಾರರ ಮಾತಿನಲ್ಲಿ ಯಾವಾಗಲೂ ನೇರವಾಗಿ ಬರುವುದಿಲ್ಲ. ಜಾತ್ರೆಯ ಕುಸ್ತಿಗೆ ನೂರು ಜನ ಪೈಲ್ವಾನರು ಬಂದರೆ ಜೋಡಿ ಹಚ್ಚುವುದು ಸುಲಭ, ಎಳೆಯನಿಗೆ ಎಳೆಯ ಸಿಗುತ್ತಾನೆ. ಐದೇ ಜನ ಬಂದರೆ ಹದಿನಾರರ ಹುಡುಗನನ್ನು ನುರಿತವನ ಎದುರು ನಿಲ್ಲಿಸಬೇಕಾಗುತ್ತದೆ. ಕಡಿಮೆ ಜನ ಆಡುವ ಆಟದಲ್ಲಿ ಹೊಸಬನಿಗೆ ಸಿಗುವುದು ಏಳೆಂಟು ವರ್ಷ ಆಡಿ ಪಳಗಿದ ಕೈ. ಹತ್ತು ಸಲ ಸತತ ಸೋತು ‘ಆಟ ಚಲೋ ಇಲ್ಲ’ ಎಂದು ಹೊರಡುತ್ತಾನೆ. ಅವನು ಹೋದ ಮೇಲೆ ಉಳಿದವರ ಸಂಖ್ಯೆ ಮತ್ತೂ ಕಡಿಮೆ, ಮುಂದಿನ ಹೊಸಬನಿಗೆ ಮತ್ತೂ ಕಷ್ಟ. ಸಕುರಾಯಿಯವರ ಎದುರು ಕೂತಿದ್ದ ಆ ಜೋಡಿಯ ಸ್ಥಿತಿ ಹೀಗೆ ಸುತ್ತು ಹೊಡೆದು ಅವರೇ ಹುಟ್ಟುಹಾಕಿದ ಆಟದ ಜಾತಿಯೊಳಕ್ಕೂ ಬಂದಿದೆ. ಅದಕ್ಕೇ ‘ಚಲೋ ಇಲ್ಲ’ ಎಂದವನನ್ನು ಎಷ್ಟು ದಿನ ಆಡಿದೆ, ಯಾರ ಜೊತೆ ಆಡಿದೆ ಎಂದು ಕೇಳದೆ ಆ ಮಾತನ್ನು ತೂಗಬಾರದು.

ಆಟಗಾರರ ಮಾತು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ‘ಮಲ್ಟಿವರ್ಸಸ್’ ಇದೆ. ವಾರ್ನರ್ ಬ್ರದರ್ಸ್‌ನ ಆಟ. ಬ್ಯಾಟ್‌ಮ್ಯಾನ್, ಬಗ್ಸ್ ಬನ್ನಿ, ಟಾಮ್ ಮತ್ತು ಜೆರಿ ಎಲ್ಲ ಒಂದೇ ಕಣದಲ್ಲಿ. 2022ರ ಜುಲೈನಲ್ಲಿ ಪ್ರಯೋಗಕ್ಕೆಂದು ತೆರೆದಾಗ ಜನ ಮುಗಿಬಿದ್ದರು. 2023ರ ಜೂನಿನಲ್ಲಿ ತಿದ್ದಿ ತರುತ್ತೇವೆಂದು ಮುಚ್ಚಿದರು. 2024ರ ಮೇ 28ರಂದು ಮತ್ತೆ ಬಂದಾಗ ಹಳೆಯ ಆಟಗಾರರು ಹೇಳಿದ್ದು ಒಂದೇ: ನಡಿಗೆ ನಿಧಾನವಾಗಿದೆ, ಕ್ಯಾಮೆರಾ ತೀರ ಹತ್ತಿರ ಬಂದಿದೆ, ಮೊದಲಿನ ಚುರುಕು ಇಲ್ಲ. ಕೆಲವನ್ನು ಆಮೇಲೆ ತಿದ್ದಿದರು, ಅಷ್ಟರಲ್ಲಿ ಜನ ಚದುರಿದ್ದರು. 2025ರ ಮೇ 30ಕ್ಕೆ ಸರ್ವರು ಬಂದ್. ಮೊದಲೇ ಇಳಿಸಿಕೊಂಡವರಿಗೆ ಒಬ್ಬರೇ ಕೂತು ಆಡಲು ಬರುತ್ತದೆ, ಎದುರಾಳಿ ಆನ್‌ಲೈನಿನಲ್ಲಿ ಸಿಗುವುದಿಲ್ಲ. ದುಡ್ಡು ಕೊಟ್ಟು ಕೊಂಡ ಪಾತ್ರಗಳು ಖಾಲಿ ಅಖಾಡದಲ್ಲಿ ನಿಂತಿವೆ. ಇದನ್ನು ಅಳಿಯನಿಗೆ ಹೇಳಿದಾಗ ಅವನು ಮುಖ ಸಣ್ಣದು ಮಾಡಿಕೊಂಡು ಕೇಳಿದ, ‘ನಮ್ಮದೂ ಹಂಗ ಆಗತೈತೇನ ಮಾಮಾ?’ ಆಗುವುದಿಲ್ಲ ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ. ಸರ್ವರ್ ನಂಬಿದ ಯಾವ ಆಟಕ್ಕೂ ಆ ಭರವಸೆ ಯಾರೂ ಕೊಡಲಾರರು. ಅದನ್ನೇ ಹೇಳಿದೆ.

ಬ್ರಾಲ್‌ಹಲ್ಲಾದ ಒಡೆಯ ಯೂಬಿಸಾಫ್ಟ್‌ಗೆ ಪುಣೆಯಲ್ಲಿ 2008ರಿಂದ ಸ್ಟುಡಿಯೊ ಇದೆ. ನಮ್ಮ ಸೀಮೆಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಇಳಿಯುವ ಊರು. ಆನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು ನಮ್ಮ ರಾಜ್ಯ ಸರ್ಕಾರ 2012ರಲ್ಲೇ ನೀತಿ ಮಾಡಿದೆ, 2024ರಲ್ಲಿ ಹೊಸದನ್ನು ತಂದಿದೆ. ನೀತಿಯಲ್ಲಿ ತರಬೇತಿ ಇದೆ, ಉದ್ಯೋಗದ ಮಾತಿದೆ. ಆಟ ಮಾಡುವವರು ಇಷ್ಟು ಹತ್ತಿರ ಇದ್ದಾರೆ, ಆಡುವವರು ಇಲ್ಲಿದ್ದಾರೆ. ನಡುವೆ ಮಾತು ಇಲ್ಲ. ತಾಂಬಾದ ಹುಡುಗ ತನಗೆ ಕಂಡ ದೋಷವನ್ನು ಇಂಗ್ಲಿಷಿನಲ್ಲಿ ಬರೆಯಲಾರದೆ ‘ಬ್ಯಾಡ್ ಗೇಮ್’ ಎಂದು ಎರಡು ಶಬ್ದ ಒತ್ತಿ ಒಂದು ಚುಕ್ಕೆ ಕೊಟ್ಟು ಬಿಡುತ್ತಾನೆ. ಓದಿದ ಎಂಜಿನಿಯರನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಹುಡುಗ ಅಮ್ಮನ ಮಾತಿನಲ್ಲಿ ‘ಹೊಡದದ್ದೂ ನಾನ, ಬಿದ್ದದ್ದೂ ನಾನ’ ಎಂದಿದ್ದರೆ, ಮತ್ತು ಅದನ್ನು ಓದಬಲ್ಲ ಒಬ್ಬರು ಅಲ್ಲಿದ್ದಿದ್ದರೆ, ಯಾವ ಊರಿನಲ್ಲಿ ಯಾವ ಹೊತ್ತಿನಲ್ಲಿ ಅಂದಾಜು ತಪ್ಪುತ್ತಿದೆ ಎಂಬ ಖಚಿತ ಸುಳಿವು ಅವರ ಕೈಗೆ ಸಿಗುತ್ತಿತ್ತು. ನಮ್ಮ ಹುಡುಗರು ಕನ್ನಡದಲ್ಲೇ ಬರೆಯಲಿ ಎಂದು ನಾನು ಹೇಳುವುದು ಬರೀ ಅಭಿಮಾನದಿಂದಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಲು ಅವರಿಗೆ ಬರುವ ಭಾಷೆ ಅದು.

ಎರಡು ದಿನ ಬಿಟ್ಟು ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುವ ಅಳಿಯನ ದೊಡ್ಡಪ್ಪನ ಮಗ ಊರಿಗೆ ಬಂದ. ಅವನ ಚೀಲದಲ್ಲಿ ಲ್ಯಾಪ್‌ಟಾಪು, ವಯರು ಸುತ್ತಿದ ಒಂದು ಕಂಟ್ರೋಲರು. ರಾತ್ರಿ ಊಟದ ಮೇಲೆ ಪಡಸಾಲೆಯ ಗೋಡೆಗೆ ದಿಂಬು ಒರಗಿಸಿ ಲ್ಯಾಪ್‌ಟಾಪು ಇಟ್ಟರು. ಗೆಳೆಯ ಕಂಟ್ರೋಲರು ಹಿಡಿದ, ಅಳಿಯ ಕೀಬೋರ್ಡಿನ ಮೇಲೆ ಬೆರಳಿಟ್ಟ. ಒಂದೇ ಯಂತ್ರ, ಒಂದೇ ಪರದೆ. ಪೆಟ್ಟು ಸಮುದ್ರ ದಾಟುವುದಿರಲಿಲ್ಲ. ಮೊದಲ ಎರಡು ಆಟ ಇಬ್ಬರಿಗೂ ಗುಂಡಿ ಹುಡುಕುವುದರಲ್ಲೇ ಹೋಯಿತು. ಮೂರನೆಯದರಲ್ಲಿ ಗೆಳೆಯ ಅದೇ ಸಿಗ್ ಹೊಡೆಯಲು ಬಂದ. ಅಳಿಯ ಸರಿದ. ಗೆಳೆಯನ ಆಳು ಕೊಡಲಿ ಬೀಸಿ ಆ ಒಂದು ಕ್ಷಣ ನಿಂತುಬಿಟ್ಟ. ಅಳಿಯನಿಗೂ ಅದು ಕಂಡಿತು, ಆದರೆ ಹೊಡೆಯುವ ಬದಲು ಅವಸರದಲ್ಲಿ ಜಿಗಿದ. ಮರುಪೆಟ್ಟಿಗೆ ಸಿಕ್ಕು ಅಂಚಿನಾಚೆ ಹಾರಿ ಹೋದ.

ನಾನು ಅವನ ಮುಖ ನೋಡಿದೆ. ಏನನ್ನೂ ಒಗೆಯಲಿಲ್ಲ ಅವನು.

‘ಇದು ನಂದ ತಪ್ಪ’ ಎಂದ. ‘ಹೊಡೀಬೇಕಾಗಿತ್ತು, ಜಿಗದೆ.’ ಆಮೇಲೆ ಕೀಬೋರ್ಡನ್ನು ಇನ್ನೂ ಹತ್ತಿರ ಎಳೆದುಕೊಂಡ. ‘ಇನ್ನೊಂದು ಹಚ್ಚೋ ಅಣ್ಣಾ.’